ರಾಣಿ ಕಾಲಿಗೆ ಬೀಳದ ದಿನ

ನನ್ನಮ್ಮ ಸಾಯುವುದರಲ್ಲಿ ಎತ್ತಿದ ಕೈ. ನಮ್ಮ ಕಂಪನಿಯ ಹಳೇ ದುರಂತ ನಾಟಕದಲ್ಲಿ ಅವಳು ರಾಣಿ, ಅಪ್ಪ ರಾಜ. ರಾಣಿ ದಾರಿ ತಪ್ಪಿದ್ದಾಳೆಂದು ರಾಜನಿಗೆ ಅನುಮಾನ. ಕೊನೆಯಲ್ಲಿ ಅವಳು ಅವನ ಕಾಲಿಗೆ ಬಿದ್ದು ಆಣೆಯಿಡುತ್ತಾಳೆ, ಅವನು ಇರಿಯುತ್ತಾನೆ. ಆಮೇಲೆ ನಿಜ ತಿಳಿದು ಹೋ ಎಂದು ಅಳುತ್ತಾನೆ. ಜನ ಕಣ್ಣೊರೆಸಿಕೊಳ್ಳುವುದು ಇರಿದವನಿಗಾಗಿ! ಚಿಕ್ಕಂದಿನಿಂದಲೂ ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವುದು ನನ್ನ ಕೆಲಸ. ಅಮ್ಮನಿಗೆ ಅದು ಬೇಕಿಲ್ಲ, ನಾಟಕವಿಡೀ ಅವಳಿಗೆ ಬಾಯಿಪಾಠ. ಅಪ್ಪನಿಗೆ ಕಂಠ ದೊಡ್ಡದು, ನೆನಪು ಚಿಕ್ಕದು. ಸಾಲು ಕಿವಿಗೆ ಬಿದ್ದರೆ ಸಾಕು, ಅರ್ಥಕ್ಕೆ ಕಾಯದೆ ಗುಡುಗಿಬಿಡುತ್ತಾನೆ. ಒಮ್ಮೆ ನಾನು "ಅಪ್ಪಾ, ಕಿರೀಟ ಸರಿಮಾಡ್ಕೋ" ಅಂದದ್ದನ್ನೂ ಮಂತ್ರಿಗೆ ಆಜ್ಞೆ ಮಾಡಿದಂತೆ ಗುಡುಗಿದ್ದ.

ಟಿಕೆಟ್ ಕೊಡುವವಳ ಜೊತೆ ಅಪ್ಪನ ಸಂಬಂಧ ಕಂಪನಿಗೆಲ್ಲ ಗೊತ್ತಿತ್ತು. ಅಮ್ಮನ ಕಣ್ಣಿಗೆ ಬಿದ್ದದ್ದು ಅಂದು ಮಧ್ಯಾಹ್ನ. ಸಂಜೆ ಬಣ್ಣದ ಕೋಣೆಯಲ್ಲಿ ಕಾಡಿಗೆ ತೀಡುತ್ತಾ ಅವಳು ಕನ್ನಡಿಯಲ್ಲೇ ಅಪ್ಪನನ್ನು ನೋಡಿದಳು.

"ಇವತ್ತು ನಾನು ನಿಮ್ಮ ಕಾಲಿಗೆ ಬೀಳಲ್ಲ."

"ಮನೆ ಜಗಳಾನ ಸ್ಟೇಜಿಗೆ ತರಬೇಡ. ಅದು ಬರೀ ನಾಟಕ ಕಣೇ."

"ಬರೀ ನಾಟಕ ಅಲ್ವಾ? ಹಾಗಾದ್ರೆ ನೀವೇ ಬೀಳಿ."

ಅಪ್ಪ ನಕ್ಕ. "ಗಂಡಸು ಬಿದ್ರೆ ಜನ ನಗ್ತಾರೆ. ನೀನು ಬೀಳ್ಲಿಲ್ಲ ಅಂದ್ರೆ ನಾಳೆಯಿಂದ ನಿನಗೆ ಪಾತ್ರ ಇಲ್ಲ. ಯಜಮಾನರಿಗೆ ಹೇಳಿಬಿಡ್ತೀನಿ."

ಆ ಪಾತ್ರವೇ ಅವಳ ಉಸಿರು. ಅಮ್ಮ ಕಾಡಿಗೆ ಡಬ್ಬಿ ಮುಚ್ಚಿ ಕಿರೀಟ ಎತ್ತಿಕೊಂಡಳು. ನಾಟಕದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಪರದೆಯ ಕಡೆ ನಡೆದೆ.

ಕೊನೆಯ ದೃಶ್ಯ ಬಂತು. ರಾಜ ಕತ್ತಿ ಹಿರಿದು ಕೇಳಿದ: "ಹೇಳು, ದ್ರೋಹ ಬಗೆದವರು ಯಾರು?"

ಅಮ್ಮ ಬೀಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತಳು. "ಅದನ್ನು ತಾವೇ ಹೇಳಬೇಕು, ಪ್ರಭು."

ಪುಸ್ತಕದಲ್ಲಿಲ್ಲದ ಮಾತು. ಅಪ್ಪನ ಬಾಯಿ ಕಟ್ಟಿತು. ಬಾಗಿದವಳನ್ನು ಇರಿಯುವುದಷ್ಟೇ ಅವನಿಗೆ ಗೊತ್ತು, ನಿಂತವಳ ಮುಂದೆ ಕತ್ತಿ ಹಾಗೇ ಮೇಲೆ ನಿಂತಿತು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಭ್ಯಾಸಬಲ, ಅವನ ಕಿವಿ ನನ್ನ ಕಡೆ ವಾಲಿತು.

ನಾನು ಪುಸ್ತಕ ಮುಚ್ಚಿ ಒಂದು ಸಾಲು ಪಿಸುಗುಟ್ಟಿದೆ.

"ದ್ರೋಹ ಬಗೆದವನು ನಾನೇ, ರಾಣಿ! ನೀನಲ್ಲ!" ಅಪ್ಪ ಗುಡುಗಿಯೇಬಿಟ್ಟ. ಟಿಕೆಟ್ ಕಿಂಡಿಯವರೆಗೂ ಕೇಳಿಸಿರಬೇಕು. ತಾನೇನು ಹೇಳಿದೆನೆಂದು ತಲೆಗೆ ಹೋದದ್ದೇ, ಅವನು ಕಲ್ಲಾಗಿ ನಿಂತ.

ಅಮ್ಮ ಅವನ ಕೈಯಿಂದ ಕತ್ತಿ ತೆಗೆದುಕೊಂಡಳು. "ಗೊತ್ತು," ಅಂದಳು, ಮನೆಯ ದನಿಯಲ್ಲಿ. ಪರದೆ ಬಿತ್ತು. ಸಭೆಗೆ ಸಭೆಯೇ ಎದ್ದು ನಿಂತಿತ್ತು.

ಯಜಮಾನರು ಏದುಸಿರು ಬಿಡುತ್ತಾ ಓಡಿಬಂದರು. "ತಾಯೀ, ನಾಳೆಯಿಂದ ದಿನಾ ಹೀಗೇ ಇರ್ಲಿ!"

"ಇರುತ್ತೆ," ಅಂದಳು ಅಮ್ಮ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಸ್ಟೇಜಿಗೆ ದಿನಾ ಬನ್ನಿ, ಬಂದು ಆ ಮಾತು ಹೇಳಿ. ಮನೆಗೆ ಮಾತ್ರ ಬರಬೇಡಿ."

ಬಣ್ಣವನ್ನೂ ಅಳಿಸದೆ ಅವಳು ಬೀದಿಗಿಳಿದಳು, ಬೆನ್ನಿಗೇ ನಾನು. ದಾರಿಯಲ್ಲಿ ಯಾರೋ ಕೇಳಿದರು, ಇವರು ಯಾರೆಂದು. ನಮ್ಮಮ್ಮ, ಅಂದೆ. ಅಷ್ಟು ಗಟ್ಟಿಯಾಗಿ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ.