ಬೇವಿನಕೊಪ್ಪಲಿನ ಎಂಟು ಬೀಗ

ಹನಗೋಡಿನಿಂದ ಎರಡು ಮೈಲಿ ಆಚೆಗಿದ್ದ ಬೇವಿನಕೊಪ್ಪಲಿನ ಮೇಲುಬೀದಿಯಲ್ಲಿ ಎಂಟೇ ಮನೆ. ಐವತ್ತನಾಲ್ಕನೇ ಇಸವಿ, ದೀಪಾವಳಿ ಕಳೆದು ರಾಗಿ ಬಲಿಯುತ್ತಿದ್ದ ಕಾಲ. ಗಾವಡಗೆರೆ ಕಡೆ ಯಾರದೋ ಮನೆಗೆ ಕನ್ನ ಹಾಕಿದರೆಂಬ ಸುದ್ದಿ ಬಂದ ಮೂರನೇ ದಿನಕ್ಕೆ, ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬೀಗದ ವ್ಯಾಪಾರಿಯೊಬ್ಬ ಬಂದ. ಬೆಣ್ಣೆಯಂಥ ಮಾತು. ಮನೆಮನೆಯ ಬಾಗಿಲನ್ನೂ ಅಲುಗಿಸಿ ನೋಡಿ, “ಇದನ್ನ ತಗಿಯಕ್ಕೆ ಕಳ್ಳ ಯಾಕೆ ಬೇಕು ತಾಯಿ, ಗಾಳಿನೇ ಸಾಕು” ಎಂದ. ಎಂಟು ಮನೆಯವರೂ ಒಂದೊಂದು ಹಿತ್ತಾಳೆ ಬೀಗ ಕೊಂಡರು.

ಕೊಯ್ಲು ಶುರುವಾದ ಮೇಲೆ ಬೆಳಗ್ಗೆ ಎಲ್ಲರೂ ಹೊಲಕ್ಕೆ ಹೋದರೆ ಬೀದಿ ಬಿಕೋ ಎನ್ನುತ್ತಿತ್ತು. ಅಂಥ ಒಂದು ಮಧ್ಯಾಹ್ನ ಚಿಕ್ಕಬಸಮ್ಮನ ಮನೆಯಿಂದ ಬೆಳ್ಳಿ ಡಾಬು, ಕಾಸಿನ ಸರ, ಒಂದು ಮದುವೆ ಸೀರೆ ಹೋದವು. ಗೋಡೆಗೆ ಕನ್ನವಿಲ್ಲ, ಹೆಂಚು ಸರಿದಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗದ ಕೈ ಚಿಕ್ಕಬಸಮ್ಮನ ಸೊಂಟದಲ್ಲೇ ಇತ್ತು.

ಅವತ್ತು ಮಧ್ಯಾಹ್ನ ಕುಡಗೋಲು ತರಲೆಂದು ಹೊಲದಿಂದ ಊರಿಗೆ ಬಂದು ಹೋಗಿದ್ದವನು ಅವರ ಆಳು ಮಂಟಯ್ಯ ಒಬ್ಬನೇ. ಒಂಬತ್ತು ವರ್ಷದಿಂದ ಆ ಮನೆಯಲ್ಲಿ ದುಡಿಯುತ್ತಿದ್ದವನು. ಚಿಕ್ಕಬಸಮ್ಮನ ಗಂಡ ನೀಲಕಂಠಸ್ವಾಮಿ ಬೀದಿಯ ನಡುವೆಯೇ, ಹತ್ತು ಜನರ ಮುಂದೆ, “ಇನ್ನು ನಮ್ಮ ಹೊಸಲು ತುಳಿಬೇಡ ಕಣ್ಲಾ” ಎಂದುಬಿಟ್ಟ. ಮಂಟಯ್ಯ ಹೆಗಲ ಮೇಲಿದ್ದ ಅವರ ಮನೆಯ ಹಗ್ಗವನ್ನು ಜಗಲಿಯ ಮೇಲಿಟ್ಟು ನಡೆದ.

ಎದುರುಮನೆಯ ಶಿವನಂಜಮ್ಮ ಇದನ್ನು ನೋಡಿದಳು. ಅವಳ ಅಪ್ಪ ಪಿರಿಯಾಪಟ್ಟಣದಲ್ಲಿ ಅಂಗಡಿ ಇಟ್ಟಿದ್ದವರು. ಲಂಗ ಉಡುವ ವಯಸ್ಸಿನಿಂದ ಮೊಳೆ, ಹಗ್ಗ, ಬೀಗ ತೂಗಿ ಎಣಿಸಿ ಕೊಟ್ಟವಳು ಅವಳು. ಬೀಗದವನು ಬಂದ ದಿನ ತವರಿನಲ್ಲಿದ್ದುದರಿಂದ, ಕೊಂಡವನು ಗಂಡ ಗುರುಮಲ್ಲಪ್ಪ. ಸಂಜೆ ಅವನನ್ನು ಕೇಳಿದಳು.

“ಅಲ್ಲಾ, ಈ ಬೀಗದ ಇನ್ನೊಂದು ಕೈ ಎಲ್ಲಿ?”

“ಒಂದೇ ಕೊಟ್ಟಿದ್ದು.”

“ಹೊಸ ಬೀಗಕ್ಕೆ ಎರಡು ಕೈ ಇರ್ತವೆ ಕಣ್ರೀ. ತಂತಿಲಿ ಕಟ್ಟಿ ಕೊಡ್ತಾರೆ.”

ಮಾರನೇ ದಿನ ಬಾವಿಕಟ್ಟೆಯಲ್ಲಿ ವಿಚಾರಿಸಿದಳು. ಎಂಟು ಮನೆಗೂ ಒಂದೊಂದೇ ಕೈ. ಇನ್ನೊಂದು ಬೀಗದವನ ಹತ್ತಿರವೇ ಉಳಿದಿದೆ ಎಂಬುದು ಚಿಕ್ಕಬಸಮ್ಮನಿಗೂ ಹೊಳೆಯಿತು. “ಅಕ್ಕ, ಹಂಗಾರೆ ಇವತ್ತೇ ಎಲ್ಲಾ ಕಿತ್ತು ಬಾವಿಗೆ ಹಾಕನ.”

“ಹಾಕಿದ್ರೆ ಅವ್ನು ಸಿಕ್ಕಾನಾ? ಮಂಟಯ್ಯನ ಮೇಲಿರೋ ಕಳಂಕ ಹೋದದಾ? ಬೀಗ ಇರ್ಲಿ. ಮನೆ ಬದಲಾಯಿಸನ. ನಿಮ್ಮದು ನನ್ನ ಬಾಗಿಲಿಗೆ, ನನ್ನದು ಪಕ್ಕದ್ಮನೆ ಪ್ರೇಮಮ್ಮನ ಬಾಗಿಲಿಗೆ. ಹಂಗೇ ಎಂಟೂವೆ. ಗಂಡಸ್ರಿಗೆ ಹೇಳ್ಬೇಡಿ, ಸಂಜೆಗೆ ಹನಗೋಡಿನ ಹೋಟ್ಲಲ್ಲಿ ಡಂಗುರ ಆಯ್ತದೆ.”

ಆದರೂ ಇಬ್ಬರು ಗಂಡಸರಿಗೆ ಅವಳೇ ಹೇಳಿದಳು: ಮಂಟಯ್ಯನಿಗೆ, ಅವನ ಭಾವಮೈದ ಅಂಕಯ್ಯನಿಗೆ. ಅವರು ಹಗಲೆಲ್ಲ ಹುಲ್ಲಿನ ಮೆದೆಯ ಮರೆಯಲ್ಲಿ ಕೂರಬೇಕು. ಶಿವನಂಜಮ್ಮ ಮನೆಯೊಳಗೇ ಉಳಿದು, ಚಿಕ್ಕಬಸಮ್ಮನಿಂದ ಹೊರಗೆ ಬೀಗ ಹಾಕಿಸಿಕೊಳ್ಳುತ್ತಿದ್ದಳು. ಬೇಕಾದರೆ ಹಿತ್ತಿಲ ಬಾಗಿಲ ಅಗಣಿ ತೆಗೆದು ಹೊರಡಬಹುದಿತ್ತು. ಹೆದರಿಕೆ ಇಲ್ಲವೇ ಎಂದು ಪ್ರೇಮಮ್ಮ ಕೇಳಿದ್ದಕ್ಕೆ, “ನಮ್ಮ ಮನೇಲಿ ನಾನು ಕೂರಕ್ಕೆ ಹೆದರಿಕೆ ಏನು” ಎಂದಳು.

ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೇ ದಿನ ಅವಳು ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಸೈಕಲ್ಲು ನಿಂತ ಸದ್ದಾಯಿತು. “ಬೀಗ ರಿಪೇರಿ ತಾಯಿ, ಯಾರಿದ್ದೀರಿ?” ಅದೇ ಬೆಣ್ಣೆ ದನಿ ಎರಡು ಸಲ ಕೂಗಿತು. ಆಮೇಲೆ ಜಗಲಿ ಹತ್ತಿದ ಹೆಜ್ಜೆ. ಬೀಗದೊಳಗೆ ಕೈ ಹೋಯಿತು, ಅರ್ಧ ತಿರುಗಿ ನಿಂತಿತು. ಈಚೆ ಎಳೆದ, ಮತ್ತೆ ಹಾಕಿದ. ಅವನ ಗೊಣಗು ಕೇಳಿ ಶಿವನಂಜಮ್ಮನಿಗೆ ನಗು ತಡೆಯಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋದಳು.

“ಅದು ಬೇರೆ ಮನೆ ಬೀಗ ಕಣಪ್ಪ. ನಿನ್ನ ಕೈ ಇಲ್ಲಿಗೆ ಆಗಕಿಲ್ಲ.”

ಅವನು ಜಗಲಿಯಿಂದ ಧುಮುಕಿ ಓಡಿದ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಮಂಟಯ್ಯ ನಿಂತಿದ್ದ. ಹಿಂದಿನಿಂದ ಅಂಕಯ್ಯ ಬಂದ. ಜಗಳವೇ ಆಗಲಿಲ್ಲ, ಬೀಗದವನು ಅಲ್ಲೇ ಕೂತುಬಿಟ್ಟ.

ಅಂಕಯ್ಯನ ಕೂಗಿಗೆ ಹೊಲದಲ್ಲಿದ್ದವರೆಲ್ಲ ಬಂದು ಸೇರಿದರು. ವ್ಯಾಪಾರಿಯ ಮಡಿಲಲ್ಲಿ ಎಂಟು ಕೈಗಳ ಗೊಂಚಲು ಸಿಕ್ಕಿತು. ಒಂದೊಂದಕ್ಕೂ ದಾರದ ಗಂಟು: ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಬೀದಿಯ ಕೊನೆಯವರೆಗೆ. ಶಿವನಂಜಮ್ಮ ಎಲ್ಲರ ಎದುರಿಗೆ ಎಂಟು ಬೀಗವನ್ನೂ ಅವನ ಕೈಗಳಿಂದಲೇ ತೆಗೆದು ತೋರಿಸಿದಳು. ಸಂಜೆಯೊಳಗೆ ಹುಣಸೂರಿನಿಂದ ಪೊಲೀಸ್ ದಫೇದಾರರು ಬಂದು ಅವನನ್ನು ಕರೆದೊಯ್ದರು. ಹದಿನೈದು ದಿನದ ಮೇಲೆ ಕೆ.ಆರ್. ನಗರದಲ್ಲಿ ಅವನಿದ್ದ ಬಾಡಿಗೆ ಕೋಣೆಯಿಂದ ಡಾಬೂ ಸೀರೆಯೂ ಸಿಕ್ಕವು. ಸರ ಮಾತ್ರ ಸಿಗಲಿಲ್ಲ.

ವ್ಯಾಪಾರಿ ಸಿಕ್ಕ ಮಾರನೇ ಬೆಳಗ್ಗೆಯೇ ನೀಲಕಂಠಸ್ವಾಮಿ ಹೆಂಡತಿಯೊಂದಿಗೆ ಮಂಟಯ್ಯನ ಗುಡಿಸಲಿಗೆ ಹೋದ. ತಪ್ಪಾಯಿತು, ಕೆಲಸಕ್ಕೆ ಬಾ ಎಂದ. ಉತ್ತರ ಕೊಟ್ಟವಳು ಮಂಟಯ್ಯನ ತಾಯಿ ತಿಮ್ಮಮ್ಮ.

“ಬಯ್ದಿದ್ದು ಬೀದೀಲಿ ಅಲ್ವಾ ಬುದ್ದಿ. ಇದನ್ನ ಯಾಕೆ ಗುಡಿಸ್ಲೊಳಗೆ ಹೇಳ್ತೀರಿ?”

ಚಿಕ್ಕಬಸಮ್ಮ ಗಂಡನ ಮುಖ ನೋಡಿದಳು. “ಆಯಮ್ಮ ಹೇಳದು ಸರಿಯಾಗದೆ, ಬನ್ನಿ” ಎಂದು ಮುಂದೆ ನಡೆದಳು. ನಾಲ್ವರೂ ಮೇಲುಬೀದಿಗೆ ಬಂದರು. ಬುತ್ತಿ ಹೊತ್ತು ಹೊರಟಿದ್ದವರನ್ನೆಲ್ಲ ಚಿಕ್ಕಬಸಮ್ಮನೇ ಕರೆದು ನಿಲ್ಲಿಸಿದಳು. ನೀಲಕಂಠಸ್ವಾಮಿ ಅಂದು ನಿಂತಿದ್ದ ಜಾಗದಲ್ಲೇ ನಿಂತು, “ಮಂಟಯ್ಯನ ಮೇಲೆ ಸುಳ್ಳು ಹೊರಿಸಿದ್ದು ನಾನು. ತಪ್ಪು ನಂದು” ಎಂದ. ತಿಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಂಟಯ್ಯ, “ಬಿಸಿಲೇರ್ತಾ ಅದೆ ಬುದ್ದಿ, ದಿಣ್ಣೆ ಹೊಲದ ರಾಗಿ ಉದುರೋಯ್ತದೆ” ಎಂದು ಅವರ ಹೊಲದ ದಾರಿ ಹಿಡಿದ.