ಹನ್ನೊಂದು ಹೆಂಗಸರ ಒಂದು ಕೋಟು

೧
ಈ ಕತೆಯನ್ನು ಕೋಟಿನಿಂದ ಶುರುಮಾಡಲೋ, ಕೋಟು ತೊಟ್ಟವಳಿಂದಲೋ? "ಇಟಲಿಯ ಪಲೆರ್ಮೊದ ಮೀನು ಮಾರ್ಕೆಟ್ಟಿನಲ್ಲಿ ನೆಲ ತೊಳೆಯುವ ಅಬ್ರೆಹೆತ್ ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದು ಬರೆದೆ. ಓದಿನೋಡಿ ಹೊಡೆದುಹಾಕಿದೆ. ನಿಮಗೆ ಆಗಲೇ ಕಂಡುಬಿಟ್ಟಳಲ್ಲ!

ಕೋಟಿನಿಂದಲೇ ಹೊರಡೋಣ.

೨
ಕೋಟು ಕೆಂಪು, ಉಣ್ಣೆಯದು, ಮೆಹಾರಿಯದು. ಎರಿಟ್ರಿಯಾದ ಕೆರೆನ್ ಎಂಬ ಊರಿನಲ್ಲಿ ಅವನಿಗೆ ಫೋಟೊ ಸ್ಟುಡಿಯೋ ಇತ್ತು. ದೋಣಿಯಲ್ಲಿ ಇಲ್ಲಿಗೆ ಬಂದಮೇಲೆ ಉಳಿದದ್ದು ಒಂದು ಬಾಡಿಗೆ ಕೋಣೆ, ಗೋಡೆಗೊಂದು ನೀಲಿ ಪರದೆ. ಭಾನುವಾರ ಚರ್ಚು ಮುಗಿಸಿ ಅವನ ಊರಿನ ಹೆಂಗಸರು ಅಲ್ಲಿಗೆ ಬರುತ್ತಾರೆ. ಊರಿಗೆ ಹೋಗುವ ಫೋಟೊದಲ್ಲಿ ಚೆನ್ನಾಗಿ ಕಾಣಲೇಬೇಕು. ಕೋಟು ತೊಟ್ಟು ನಗುತ್ತಾರೆ, ಕಳಚಿ ಮುಂದಿನವಳಿಗೆ ಕೊಡುತ್ತಾರೆ. ತೋಳಿನೊಳಗೆ ಹಿಂದಿನವಳ ಬಿಸುಪು ಇನ್ನೂ ಇರುತ್ತದೆ.

(ಈ ವಾಕ್ಯ ನನಗೆ ಹಿಡಿಸಿತು. ಅಬ್ರೆಹೆತ್‌ಗೆ ಓದಿಹೇಳಿದೆ. "ಬಿಸುಪಲ್ಲ, ಬೆವರು ಅಂತ ಬರಿ" ಎಂದಳು.)

೩
ಊರಿನಲ್ಲಿ ತಾಯಂದಿರು ಒಂದು ಸಂಜೆ ಕಾಫಿಗೆ ಸೇರಿದರು. ಅವರವರ ಮಗಳ ಫೋಟೊ ಚಾಪೆಯ ಮೇಲಿಟ್ಟರು. ಹನ್ನೊಂದು ಹೆಣ್ಣುಮಕ್ಕಳು, ಒಂದೇ ಕೋಟು, ಎರಡನೇ ಗುಂಡಿ ಎಲ್ಲರದ್ದೂ ಕಿತ್ತುಹೋಗಿದೆ! ಹತ್ತು ಜನ ಹೊಟ್ಟೆ ಹಿಡಿದು ನಕ್ಕರು. ಅಬ್ರೆಹೆತ್‌ಳ ತಾಯಿ ನಗಲಿಲ್ಲ. ಆಕೆಗೆ ಕಿವಿ ಕೇಳದು, ಫೋನಿನ ಮಾತು ದಂಡ; ವಿಡಿಯೊ ಕರೆಗೆ ಅಲ್ಲಿ ನೆಟ್‌ವರ್ಕ್ ಸಾಲದು. ಮಗಳು ಬದುಕಿದ್ದಾಳೆಂಬುದಕ್ಕೆ ಆಕೆಗಿದ್ದ ಸಾಕ್ಷಿ ಆ ಫೋಟೊ ಒಂದೇ.

ತಂಗಿ ಮೆಬ್ರಾತ್ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದಳು: "ಅಕ್ಕಾ, ನೀನು ಸಮುದ್ರದಲ್ಲೇ ಹೋದೆ ಅಂತಾಳೆ ಅವ್ವ. ಮೆಹಾರಿ ಸತ್ತವರನ್ನೂ ಮದುವೆ ಫೋಟೊದಲ್ಲಿ ನಿಲ್ಲಿಸ್ತಿದ್ದನಲ್ಲ, ನಿನ್ನ ತಲೆನೂ ಹಂಗೇ ಅಂಟಿಸಿದ್ದಾನಂತೆ. ಬದುಕಿದ್ದಾಳೆ ಅಂತ ನಾನು ಹೇಳಿದ್ರೆ, ನಾನೂ ಸೇರ್ಕೊಂಡು ಮುಚ್ಚಿಡ್ತಿದ್ದೀನಿ ಅಂತಾಳೆ. ಶನಿವಾರ ನಿನ್ನ ತಿಥಿ. ಹುಳಿರೊಟ್ಟಿಗೆ ಹಿಟ್ಟು ಕಲಸಿಟ್ಟಾಯ್ತು."

೪ (ಕೈಬಿಟ್ಟ ಕರಡು)
ಹೋದ ವರ್ಷ ಇಲ್ಲೊಂದು ಗ್ಯಾಲರಿಯಲ್ಲಿ ವಲಸಿಗರ ಫೋಟೊ ಪ್ರದರ್ಶನವಿತ್ತು. ಅಬ್ರೆಹೆತ್ ಅದರಲ್ಲಿದ್ದಳು: ಕೈಯಲ್ಲಿ ನೀರಿನ ಪೈಪು, ಕಾಣುವುದು ಬೆನ್ನು ಮಾತ್ರ. ಮುಖ ತೋರಿಸದಿರುವುದೇ ಗೌರವ ಎಂದು ಫೋಟೊ ತೆಗೆದಾಕೆ ಭಾಷಣ ಮಾಡಿದಳು. ನಾನೂ ಚಪ್ಪಾಳೆ ತಟ್ಟಿದೆ. ಅಬ್ರೆಹೆತ್‌ಳನ್ನು ಯಾರೂ ಕರೆದಿರಲಿಲ್ಲ. ತಾಯಿ ಆ ಬೆನ್ನನ್ನೇ ನೋಡಿ ಗುರುತು ಹಿಡಿದಳು ಎಂದು ಮುಗಿಸಿದರೆ ಎಷ್ಟು ಚೆನ್ನ!

"ಯಾರಿಗೆ ಚೆನ್ನ?" ಎಂದಳು ಅಬ್ರೆಹೆತ್. "ನಾನು ಹೊರಟಾಗ ಅವ್ವ ನೋಡ್ತಾ ನಿಂತಿದ್ದು ನನ್ನ ಬೆನ್ನನ್ನೇ. ಅದು ಅವಳ ಹತ್ರ ಇದೆ. ಈಗ ಮುಖ ಬೇಕು."

೫
ಬುಧವಾರ ಮೆಹಾರಿಯನ್ನು ಮಾರ್ಕೆಟ್ಟಿಗೇ ಕರೆಸಿದಳು.

"ಕೋಟು ಬೇಡಣ್ಣ. ಇದ್ದಹಾಗೇ ತೆಗಿ."

"ಈ ರಬ್ಬರ್ ಬೂಟಲ್ಲಾ? ನಿಮ್ಮವ್ವ ಎದೆ ಬಡ್ಕೋತಾಳೆ ಮಾರಾಯ್ತಿ."

"ಸತ್ತೆ ಅಂತ ಬಡ್ಕೊಂಡಾಗಿದೆ. ಬೂಟಿಗೆ ಬೇರೆ ಬಡ್ಕೋತಾಳಾ?"

ಮೆಹಾರಿ ಕ್ಯಾಮೆರಾ ಎತ್ತಿದ, ಇಳಿಸಿದ. "ನಾನು ತೆಗೆದ್ರೆ ಇದನ್ನೂ ಅಂಟಿಸಿದ್ದು ಅಂತಾಳೆ. ನೀನೇ ಒತ್ತು" ಎಂದು ಪಕ್ಕದಲ್ಲಿ ನಿಂತಿದ್ದ ನನ್ನ ಕೈಗಿಟ್ಟ.

(ಕತೆಗಾರರು ಕತೆಯೊಳಗೆ ಕೈಹಾಕಬಾರದು ಎನ್ನುತ್ತಾರೆ. ಹಾಕಿದೆ.)

ಒತ್ತಿದೆ. ಮೀನಿನ ಹುರುಪೆ ಅಂಟಿದ ಏಪ್ರನ್ನು, ನಗದ ಮುಖ, ಮೂಲೆಯಲ್ಲಿ ದಪ್ಪಗೆ ನನ್ನ ಬೆರಳು.

"ಥೂ, ಇದೂ ಒಂದು ಫೋಟೊನಾ?" ಎಂದ ಮೆಹಾರಿ. "ಇನ್ನೊಂದು ತೆಗಿ."

"ಬೇಡ, ಇದೇ ಇರ್ಲಿ" ಎಂದಳು ಅಬ್ರೆಹೆತ್. "ಇಷ್ಟು ಕೆಟ್ಟ ಕೆಲಸ ನಿನ್ನ ಕೈಯಲ್ಲಿ ಆಗಲ್ಲ ಅಂತ ಅವ್ವಂಗೆ ಗೊತ್ತು."

೬
ಇವತ್ತು ಗುರುವಾರ. ಫೋನಿಗೆ ಕಳಿಸಿದ ಫೋಟೊವನ್ನು ಮೆಬ್ರಾತ್ ಪೇಟೆಗೆ ಹೋಗಿ ಅಚ್ಚುಹಾಕಿಸಬೇಕು. ತಾಯಿ ನಂಬಬಹುದು. ಬೆರಳನ್ನೂ ಅಂಟಿಸಿದ್ದಾನೆ ಎನ್ನಬಹುದು. ಇಲ್ಲವೇ ಆ ಬೂಟು ನೋಡಿ, ಬದುಕಿರುವ ಮಗಳಿಗಾಗಿ ಹೊಸದಾಗಿ ಅಳಬಹುದು. ಮೂರನ್ನೂ ಬರೆದು ಅಬ್ರೆಹೆತ್‌ಗೆ ಓದಿದೆ. ಅವಳು ಪೈಪು ಸುತ್ತುತ್ತಾ ಕೇಳಿಸಿಕೊಂಡಳು.

"ಶನಿವಾರದ್ದು ಬರೀಬೇಡ" ಎಂದಳು. "ಅದು ನಮ್ಮವ್ವಂದು."

ಬರೆಯುವುದಿಲ್ಲ. ಕೆರೆನ್‌ನಲ್ಲಿ ಹಿಟ್ಟು ಹುಳಿ ಬರುತ್ತಿದೆ. ತಿಥಿಯೂಟಕ್ಕೂ ಹಬ್ಬದೂಟಕ್ಕೂ ಅಲ್ಲಿ ಅದೇ ಹಿಟ್ಟು.