ಅಮ್ಮನ ಕೋಣೆಯ ಮೈಕು

ಬಾಣ ಅಲ್ಲಾಡಲಿಲ್ಲ, ಮೌಸನ್ನು ಮೇಜಿನ ಮೇಲೆ ಇನ್ನೊಮ್ಮೆ ಎಳೆದ, ಆಗಲೂ ಇಲ್ಲ, ಆಮೇಲೆ ಯಾರೋ ಭುಜ ಹಿಡಿದು ಅಲುಗಿಸಿ ಎಬ್ಬಿಸಿದ ಹಾಗೆ ಅದು ಪರದೆಯ ಮೂಲೆಯಿಂದ ಜಿಗಿದು ಬಂತು, ಅದರ ಬೆನ್ನಿಗೇ ಸ್ಪೀಕರಿನಲ್ಲಿ ಟಕ್ ಎಂದು ಒಂದು ಸಣ್ಣ ಸದ್ದು — ಇದನ್ನೇ ಅಲ್ಲವೆ ಅತ್ತಿಗೆ ಹೇಳಿದ್ದು, ಅಮ್ಮ ಬೀಳುವ ಮುಂಚೆಯೇ ಹೇಳಿದ್ದರು, ಹಲ್ಲುಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕಾಲರಿನ ಬಟ್ಟೆ ಮಡಿಸುತ್ತಾ, ನಿನ್ನ ಮೌಸು ನಿನಗಿಂತ ಸೋಮಾರಿ ಕಣಪ್ಪಾ ರಿಪೇರಿ, ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಗೊರಕೆ, ಎಬ್ಬಿಸಿದರೆ ಟಕ್ ಅಂತ ಲಟಿಕೆ ಮುರಿಯುತ್ತೆ, ಎಂದಿದ್ದರು, ಅವನು ನಕ್ಕಿದ್ದ, ವಯಸ್ಸಾದ ಯಂತ್ರ ಅತ್ತಿಗೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಎಂದಿದ್ದ, ಅಷ್ಟಕ್ಕೇ ಬಿಟ್ಟಿದ್ದ. ರಿಪೇರಿ ಎನ್ನುವ ಹೆಸರು ಅಣ್ಣ ಇಟ್ಟದ್ದು, ಚೆನ್ನಾಗಿರೋದನ್ನೇ ಹುಡುಕಿ ಬಿಚ್ಚುತ್ತಾನೆ, ಬಿಚ್ಚಿದ ಮೇಲೆ ಒಂದು ಸ್ಕ್ರೂ ಯಾವಾಗಲೂ ಮಿಗುತ್ತೆ, ಅದನ್ನ ಜೇಬಿಗೆ ಹಾಕ್ಕೊಂಡು ಏನೂ ಆಗದವನ ಹಾಗೆ ಓಡಾಡ್ತಾನೆ, ಎಂದು ಊಟಕ್ಕೆ ಕೂತಾಗಲೆಲ್ಲ ಅಣ್ಣ ಎಲ್ಲರನ್ನೂ ನಗಿಸುತ್ತಿದ್ದ, ಅಮ್ಮನೂ ನಗುತ್ತಿದ್ದಳು, ಗಂಟಲಿನ ಆಪರೇಶನ್‌ಗೆ ಮುಂಚೆ ಜೋರಾಗಿ, ಆದಮೇಲೆ ಬರೀ ಭುಜ ಕುಲುಕಿಸಿ, ಯಾಕೆಂದರೆ ಆದಮೇಲೆ ಅವಳ ದನಿ ನೂಲಿನಷ್ಟು ಸಣ್ಣಗಾಗಿಹೋಗಿತ್ತು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು, ಮುಂದಿನ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ ಮಷೀನು ಓಡುತ್ತಿದ್ದರೆ ಕೇಳಿಸುವ ಮಾತೇ ಇಲ್ಲ, ನಡುವಿನ ಬಾಗಿಲು ತೆರೆದಿಟ್ಟರೆ ಮಷೀನಿನ ಸದ್ದಿಗೆ ಅವಳಿಗೆ ನಿದ್ದೆ ಹತ್ತುವುದಿಲ್ಲ, ಮುಚ್ಚಿದರೆ ಅವಳು ಕರೆದದ್ದು ಅತ್ತಿಗೆಗೆ ಮುಟ್ಟುವುದಿಲ್ಲ — ಆಗ ಅವನೇ ಉಪಾಯ ಹೂಡಿದ್ದು, ಅಣ್ಣನ ಆಫೀಸಿನವರು ಬೇಡವೆಂದು ಬಿಟ್ಟ ಲ್ಯಾಪ್‌ಟಾಪಿಗೆ ಲಿನಕ್ಸ್ ತಂತ್ರಾಂಶ ಹಾಕಿ, ಅಮ್ಮನ ದಿಂಬಿನ ಹತ್ತಿರ ಒಂದು ಮೈಕು ಇಟ್ಟು, ಅದರ ವೈರನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ಎಳೆದು ತಂದು, ಹೊಲಿಗೆ ಮಷೀನಿನ ಪಕ್ಕ ಸ್ಪೀಕರು, ಅಮ್ಮ ನಿಟ್ಟುಸಿರು ಬಿಟ್ಟರೂ ಇಲ್ಲಿ ಕೇಳಬೇಕು, ಕೇಳಿತು, ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಅಯ್ಯೋ, ಅತ್ತೆ ಗೊಣಗೋದೂ ಕೇಳಿಸ್ತಿದೆಯಲ್ಲೋ, ಪಾಪ, ಇನ್ನು ನನ್ನನ್ನ ಮನಸಾರೆ ಬೈಯೋ ಹಾಗೂ ಇಲ್ಲ ಅವರು, ಎಂದರು, ಆ ದಿನ ಅಣ್ಣ ಕೂಡ ಅವನ ತಲೆ ನೇವರಿಸಿ ಪರವಾಗಿಲ್ಲ ಕಣೋ ಎಂದಿದ್ದ, ಆ ಪರವಾಗಿಲ್ಲ ಕಣೋವನ್ನು ಅವನು ಎಷ್ಟೋ ದಿನ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸಿದ, ಲ್ಯಾಪ್‌ಟಾಪಿನ ಯುಎಸ್‌ಬಿ ತೂತುಗಳಲ್ಲಿ ಸರಿಯಿದ್ದದ್ದು ಒಂದೇ ಒಂದು, ಅದಕ್ಕೆ ನಾಲ್ಕು ತೂತಿನ ಅಗ್ಗದ ಡಬ್ಬಿಯೊಂದನ್ನು ಚುಚ್ಚಿ, ಆ ಡಬ್ಬಿಯ ಒಂದು ತೂತಿಗೆ ಮೌಸು, ಪಕ್ಕದ ತೂತಿಗೆ ಮೈಕು, ಮೌಸು, ಮೈಕು, ಎರಡಕ್ಕೂ ಅದೇ ಡಬ್ಬಿ — ಅವನ ಬೆರಳು ಮೌಸಿನ ಮೇಲೆ ಹಾಗೆಯೇ ನಿಂತಿತು.

ಇಲ್ಲ, ಮೌಸಿನ ಜೊತೆ ಮೈಕೂ ಮಲಗಿರಲಾರದು, ಅಮ್ಮ ಬಿದ್ದ ದಿನವೇ ಅಣ್ಣ ಪರೀಕ್ಷೆ ಮಾಡಿದ್ದನಲ್ಲ, ಆಸ್ಪತ್ರೆಯಿಂದ ಬಂದವನು ಚಪ್ಪಲಿ ಕೂಡ ಬಿಡದೆ ನೇರ ಈ ಮೇಜಿಗೇ ಬಂದಿದ್ದ, ಪರದೆ ಕಪ್ಪಗಿತ್ತು, ಮೌಸು ಹಿಡಿದು ಗರಗರ ಅಲ್ಲಾಡಿಸಿದ, ಪರದೆ ಬೆಳಗಿತು, ಟಕ್ ಎಂದಿತು, ಹೋಗೋ ಒಳಗೆ, ಏನಾದ್ರೂ ಮಾತಾಡು, ಎಂದ, ಅವನು ಅಮ್ಮನ ಖಾಲಿ ಮಂಚದ ಹತ್ತಿರ ಹೋಗಿ ಬಗ್ಗಿ ಹಲೋ, ಹಲೋ ಎಂದಿದ್ದ, ಅದು ಇಲ್ಲಿ ಸ್ಪಷ್ಟವಾಗಿ ಕೇಳಿಸಿತಂತೆ, ಹೊರಗೆ ಬಂದಾಗ ಅಣ್ಣ ಅತ್ತಿಗೆಯನ್ನೇ ನೋಡುತ್ತಿದ್ದ, ಯಂತ್ರ ಸರಿಯಾಗೇ ಇದೆಯಲ್ಲೇ, ನಿನ್ನ ಕಿವಿ ಎಲ್ಲಿತ್ತು, ಎಂದ, ಅತ್ತಿಗೆ, ನಾನು ಎದ್ದೇ ಇದ್ದೆ ಕಣ್ರೀ, ಮಷೀನಿನ ಮುಂದಿನಿಂದ ಅಲ್ಲಾಡಲಿಲ್ಲ, ಅತ್ತೆ ಒಂದು ಸಲ ಕರೆದಿದ್ರೂ ಓಡಿ ಹೋಗ್ತಿದ್ದೆ, ಎಂದರು, ಕರೆದಿದ್ದಾಳಂತೆ, ಅಣ್ಣ ಹೇಳಿದ, ಬಾಯಾರಿಕೆ ಆಯ್ತಂತೆ, ಕರೆದೂ ಕರೆದೂ ಸಾಕಾಗಿ ತಾನೇ ಇಳಿಯೋಕೆ ಹೋಗಿ ಬಿದ್ದಳಂತೆ, ಬಿದ್ದ ಮೇಲೂ ಕರೆದಳಂತೆ, ಸೊಂಟದ ಮೂಳೆ ಮುರಿದುಕೊಂಡು ನೆಲದ ಮೇಲೆ ಬಿದ್ದವಳು ಎಷ್ಟು ಹೊತ್ತು ಕರೆದಿರಬೇಕು — ಅತ್ತಿಗೆ ಮಾತ್ರೆ ಕೊಡಲು ಬಾಗಿಲು ತೆರೆದಾಗಲೇ ಗೊತ್ತಾದದ್ದು. ಅಮ್ಮನಾದರೂ ರೇಗಬಹುದಿತ್ತು, ರೇಗಲಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ ಅವನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡು, ಅವಳನ್ನ ಬೈಯಬೇಡಿ, ಅವಳಿಗೂ ಸುಸ್ತು, ಕಣ್ಣು ಹತ್ತಿರಬೇಕು, ಎಂದಳು, ಅಲ್ಲಿಗೆ ಮುಗಿಯಿತು, ಅಮ್ಮನೇ ಕ್ಷಮಿಸಿದ ಮೇಲೆ ತಪ್ಪು ಅತ್ತಿಗೆಯದೇ ಎಂದು ಗಟ್ಟಿಯಾಯಿತು, ಎರಡು ದಿನ ಇಲ್ಲ ಇಲ್ಲ ಎಂದ ಅತ್ತಿಗೆ ಮೂರನೇ ದಿನ ತಟ್ಟೆ ತೊಳೆಯುತ್ತಾ, ಇದ್ದರೂ ಇರಬಹುದಪ್ಪಾ, ಹಿಂದಿನ ದಿನ ಸರಿಯಾಗಿ ಮಲಗಿರಲಿಲ್ಲ, ಕೂತಲ್ಲೇ ಜೊಂಪು ಹತ್ತಿರಬಹುದು, ಮಲಗಿದ್ದವರಿಗೆ ಮಲಗಿದ್ದು ಹೇಗೆ ಗೊತ್ತಾಗುತ್ತೆ, ಎಂದಿದ್ದರು, ಅವನ ಕಡೆ ತಿರುಗಿ, ನಿಜವಾಗಿ ಉತ್ತರ ಬೇಕೆನ್ನುವ ಹಾಗೆ. ಈಗ ಅವರ ಮಷೀನು ಹಳೇ ಬೆಡ್‌ಶೀಟು ಹೊದ್ದು ಗೋಡೆಗೆ ಒರಗಿದೆ, ಸಂಜೆ ಪಕ್ಕದ ಬೀದಿಯ ಟೈಲರ್ ಬಂದು ಒಯ್ಯುತ್ತಾನೆ, ಹೊಲಿಗೆ ಸಾಕು, ಅತ್ತೆಯ ಪಕ್ಕದಲ್ಲೇ ಕೂತಿರ್ತೀನಿ, ಎಂದು ಅತ್ತಿಗೆಯೇ ಹೇಳಿದ್ದು, ಅಣ್ಣ ಬೇಡ ಎನ್ನಲಿಲ್ಲ, ಸಂಜೆಯೇ ಅಮ್ಮನೂ ಮನೆಗೆ ಬರುತ್ತಾಳೆ, ಅಷ್ಟರೊಳಗೆ ಇದನ್ನೊಂದು ಸಲ ನೋಡಿಬಿಡು, ಎಂದು ಬೆಳಿಗ್ಗೆ ಅತ್ತಿಗೆ ಅವನನ್ನು ಇಲ್ಲಿ ಕೂರಿಸಿದರು, ನಾನು ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತಾಗಲಾದ್ರೂ ಬೇಕಾಗುತ್ತಲ್ಲ, ಸದ್ದು ಎಷ್ಟು ಏರುತ್ತೋ ಅಷ್ಟು ಏರಿಸಿಬಿಡು, ನಾನು ಹೆಣದ ಹಾಗೆ ಬಿದ್ದಿದ್ರೂ ಎಚ್ಚರ ಆಗಬೇಕು, ಎಂದರು, ನಗುತ್ತಲೇ ಎಂದರು, ಆ ನಗುವನ್ನು ಅವನು ನೋಡಲಿಲ್ಲ, ಪರದೆಯನ್ನು ನೋಡಿದ, ಅಣ್ಣ ಅವತ್ತು ಮೊದಲು ಮೌಸು ಅಲ್ಲಾಡಿಸಿದ, ಆಮೇಲೆ ಪರೀಕ್ಷೆ ಮಾಡಿದ, ಮೊದಲು ಮೌಸು, ಅಂದರೆ ಎಬ್ಬಿಸಿದ, ಎಬ್ಬಿಸಿ ಆಮೇಲೆ ಎದ್ದಿದೆಯಾ ಎಂದು ನೋಡಿದ.

ಮೌಸಿನಿಂದ ಕೈ ತೆಗೆದ, ಸ್ಪೀಕರಿನಲ್ಲಿ ಅಮ್ಮನ ಕೋಣೆಯ ಫ್ಯಾನಿನ ಸದ್ದು, ಅದು ತಿರುಗುವಾಗ ಪ್ರತಿ ಸುತ್ತಿಗೂ ಕಿರ್ ಎನ್ನುತ್ತದೆ, ಕಿರ್, ಕಿರ್, ಅವನು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕಾದ, ಕಿರ್, ನಿಲ್ಲದಿರಲಿ ದೇವರೇ, ನಿಲ್ಲದಿದ್ದರೆ ಅತ್ತಿಗೆ ಮಲಗಿದ್ದರು, ಛೆ ಎಂಥ ಬೇಡಿಕೆ ಇದು, ಕಿರ್ — ನಿಂತಿತು. ಫ್ಯಾನು ಆ ಕಡೆ ತಿರುಗುತ್ತಲೇ ಇದೆ, ಬಾಗಿಲ ಸಂದಿಯಿಂದ ಗಾಳಿ ಪಾದಕ್ಕೆ ತಾಗುತ್ತಿದೆ, ಸ್ಪೀಕರು ಮಾತ್ರ ಬಾಯಿ ಮುಚ್ಚಿದೆ. ಮೌಸು ಅಲ್ಲಾಡಿಸಿದ, ಟಕ್, ಕಿರ್. ಕೈ ತೆಗೆದ, ಕಾದ, ಮೌನ. ಯಾಕೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ವಿದ್ಯುತ್ ಉಳಿಸುವ ಪ್ರೋಗ್ರಾಮಿನ ಆ ಕಪ್ಪು ಪುಟವನ್ನು ಹಿಂದೊಮ್ಮೆ ತೆರೆದದ್ದು ಅವನೇ, ಲ್ಯಾಪ್‌ಟಾಪಿನ ಒಂದೊಂದು ಭಾಗಕ್ಕೂ ಒಂದೊಂದು ಸಾಲು, ಸುಮ್ಮನಿದ್ದಾಗ ಮಲಗುವ ಭಾಗದ ಮುಂದೆ ಗುಡ್, ಎಚ್ಚರವಾಗಿಯೇ ಇರುವ ಭಾಗದ ಮುಂದೆ ಬ್ಯಾಡ್, ಎಷ್ಟೊಂದು ಬ್ಯಾಡ್ ಇದ್ದವು, ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಮೈ ಉರಿದಿತ್ತು, ಒಂದೊಂದನ್ನೇ ಯಾಕೆ ನೋಡುವುದು, ಎಲ್ಲವನ್ನೂ ಗುಡ್ ಮಾಡುವ ಒಂದೇ ಆಜ್ಞೆ ಇತ್ತು, ಕೊಟ್ಟ, ಪ್ರತಿ ಸಲ ಯಂತ್ರ ಎದ್ದಾಗಲೂ ತಾನಾಗೇ ಕೊಡುವ ಹಾಗೆ ಮಾಡಿದ, ಕರೆಂಟು ಹೋದಾಗ ಬ್ಯಾಟರಿ ಹೆಚ್ಚು ಹೊತ್ತು ಬರಲಿ, ಅಮ್ಮನಿಗೋಸ್ಕರ, ಎಂದು ಅತ್ತಿಗೆಗೆ ಹೇಳಿದ, ಅಮ್ಮನಿಗೋಸ್ಕರವೇ, ಮತ್ತೆ ಯಾರಿಗೆ — ಇಲ್ಲ, ನಿಜ ಹೇಳು, ಇಲ್ಲಿ ಯಾರೂ ಕೇಳುತ್ತಿಲ್ಲ, ಆ ಆನ್‌ಲೈನ್ ಲಿನಕ್ಸ್ ಗ್ರೂಪಿನವರಿಗೋಸ್ಕರ, ಯಾರ ಯಂತ್ರ ಎಷ್ಟು ಕಡಿಮೆ ವ್ಯಾಟಿನಲ್ಲಿ ಓಡುತ್ತದೆ ಎಂದು ಫೋಟೋ ಹಾಕಿ ಮೀಸೆ ತಿರುವುವ ಅಪರಿಚಿತರಿಗೋಸ್ಕರ, ಅವನೂ ಫೋಟೋ ಹಾಕಿದ, ಸಾಲಾಗಿ ಗುಡ್ ಗುಡ್ ಗುಡ್, ಒಬ್ಬ ಬರೆದ, ಗುರುವೇ, ನಿಮ್ಮ ಕಾಲು ಎಲ್ಲಿದೆ, ಅವನು ಅದನ್ನು ನಾಲ್ಕೈದು ಸಲ ಓದಿದ, ಬಹುಶಃ ಅಮ್ಮ ಇದೇ ಗೋಡೆಯ ಆಚೆ ಮಗ್ಗುಲಾಗುತ್ತಿದ್ದಳು, ಎಚ್ಚರವಾಗಿರುವುದೇ ಮೈಕಿನ ಕೆಲಸ, ಎಚ್ಚರವಾಗಿದ್ದದ್ದಕ್ಕೇ ಅದಕ್ಕೆ ಬ್ಯಾಡ್ ಬಿದ್ದಿತ್ತು, ಅವನು ಸಾಲಿನ ಹೆಸರು ಕೂಡ ಓದಿರಲಿಲ್ಲ. ಈಗ ಓದಿದ, ಆ ಡಬ್ಬಿಯ ಹೆಸರು ಅಲ್ಲಿತ್ತು, ಮೈಕಿನದೂ ಇತ್ತು, ಬೆರಳುಗಳು ತಾವಾಗಿಯೇ ಓಡಿದವು, ರೂಢಿಯ ಬೆರಳುಗಳು, ತಪ್ಪು ಕಂಡರೆ ತಿದ್ದುವ ಬೆರಳುಗಳು, ಆ ಆಜ್ಞೆಯನ್ನು ಅಳಿಸಿದವು, ಡಬ್ಬಿ ಎಂದೂ ಮಲಗಕೂಡದು ಎಂದು ಬರೆದವು, ಯಂತ್ರವನ್ನು ಆರಿಸಿ ಹೊತ್ತಿಸಿದವು, ಕೈ ತೆಗೆದು ಕಾದ, ಕಿರ್, ಕಿರ್, ಕಿರ್, ನಿಲ್ಲಲೇ ಇಲ್ಲ, ಸರಿಹೋಯಿತು ಎಂದು ಒಳಗೆ ಏನೋ ಹಗುರವಾಯಿತು, ಸರಿಹೋಯಿತು, ಅಂದರೆ ಈಗ ಯಾರು ಬಂದು ಪರೀಕ್ಷೆ ಮಾಡಿದರೂ ಸರಿಯಾಗೇ ಇರುತ್ತದೆ, ಈಗ ಇದು ಕೂಡ ಅಣ್ಣನ ಪಕ್ಷ, ಅತ್ತಿಗೆಯ ಕಡೆಯಿಂದ ಹೇಳುವುದಕ್ಕೆ ಉಳಿದದ್ದು ಅವನ ಬಾಯಿ ಒಂದೇ.

ಆಯ್ತೇನೋ, ಎಂದು ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು, ಹೇಳಬೇಕು, ಈಗಲೇ, ಎರಡು ಮಾತು, ಅತ್ತಿಗೆ ನೀವು ಮಲಗಿರಲಿಲ್ಲ, ಅಷ್ಟೇ ಸಾಕು, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲವಲ್ಲ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ಅಣ್ಣ ಕೇಳುತ್ತಾನೆ, ಅಮ್ಮ ಸುಮ್ಮನೆ ನೋಡುತ್ತಾಳೆ, ಅವಳು ಅವನನ್ನೂ ಕ್ಷಮಿಸಿಬಿಡುತ್ತಾಳೆ, ಅದೇ ಭಯ, ಸೊಂಟಕ್ಕೆ ಕಬ್ಬಿಣ ಹಾಕಿಸಿಕೊಂಡು ಬಂದವಳು ಅವನ ತಲೆ ನೇವರಿಸಿ ಪಾಪ ಮಗು ಎನ್ನುತ್ತಾಳೆ — ಆಯ್ತು ಅತ್ತಿಗೆ, ಎಂದ, ಒಂದು ಸಲ ನೋಡಬೇಕು ಅಷ್ಟೇ. ಹಾಗಿದ್ರೆ ನಾನೇ ಹೋಗಿ ಅತ್ತೆ ಜಾಗದಲ್ಲಿ ಮಲಗಿ ಮಾತಾಡ್ತೀನಿ, ಅವರಷ್ಟೇ ಸಣ್ಣಗೆ, ಕೇಳಿಸಿದ್ರೆ ಬಾಗಿಲು ತಟ್ಟು, ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಮೈಕಿಗೆ ಎಷ್ಟು ಮುಟ್ಟುತ್ತಿದೆ ಎಂದು ತೋರಿಸುವ ಕಿಟಕಿಯನ್ನು ಅವನು ತೆರೆದ, ಬೂದು ಬಣ್ಣದ ಮೇಲೆ ಒಂದು ಹಸಿರು ಗೆರೆ, ದನಿ ಬಂದರೆ ಉದ್ದವಾಗುತ್ತದೆ, ಇಲ್ಲದಿದ್ದರೆ ಎಡಕ್ಕೆ ಮುದುಡಿ ಚುಕ್ಕೆಯಾಗುತ್ತದೆ, ಮಂಚ ಕಿರುಗುಟ್ಟಿತು, ಗೆರೆ ಒಮ್ಮೆ ಚಾಚಿತು, ಕೇಳಿಸ್ತಾ, ಎಂದರು ಅತ್ತಿಗೆ, ಗೆರೆ ಅರ್ಧದವರೆಗೆ ಓಡಿತು, ಅವರು ಪಕ್ಕದಲ್ಲೇ ಕೂತು ಕೇಳಿದಷ್ಟು ಸ್ಪಷ್ಟ, ಬಾಗಿಲು ಅವನ ಕುರ್ಚಿಯಿಂದ ಕೈಗೆಟುಕುವಷ್ಟು ದೂರ, ತಟ್ಟಿದರೆ ಯಂತ್ರ ಸರಿಯಿದೆ ಎಂದು, ಸರಿಯಿದೆ ಎಂದರೆ ನೀವು ಮಲಗಿದ್ದಿರಿ ಎಂದು, ತಟ್ಟದಿದ್ದರೆ ಅದೂ ಸುಳ್ಳು, ಅವನು ತಟ್ಟಲಿಲ್ಲ. ಕೇಳಿಸ್ತೇನೋ, ಇನ್ನೂ ಸಣ್ಣಗೆ, ಗೆರೆ ಕಾಲು ಭಾಗ, ಅವತ್ತು ಈ ಕಿಟಕಿ ತೆರೆದಿದ್ದರೆ ಅಮ್ಮ ಎಷ್ಟು ಕರೆದರೂ ಗೆರೆ ಚುಕ್ಕೆಯಾಗಿಯೇ ಇರುತ್ತಿತ್ತು, ಬಿದ್ದಾಗಲೂ, ಬಿದ್ದ ಮೇಲೂ. ನೀರು, ಸ್ವಲ್ಪ ನೀರು ಕೊಡಮ್ಮ, ಎಂದು ಅತ್ತಿಗೆ ಅಮ್ಮನ ದನಿಯಲ್ಲಿ ಎಂದರು, ನೂಲಿನಷ್ಟು ಸಣ್ಣ, ಗೆರೆ ಬೆರಳಿನಷ್ಟು ಚಾಚಿ ಮುದುಡಿತು, ಅವನು ತಟ್ಟಲಿಲ್ಲ, ಕೇಳಿಸ್ತಿಲ್ವಾ, ಎಂದರು, ತಡೆದರು, ಫ್ಯಾನು ಕಿರ್ ಕಿರ್, ಆಮೇಲೆ ಅವನಿಗೆಂದು ಅಲ್ಲ, ಮೈಕು ಸತ್ತಿದೆ ಎಂದುಕೊಂಡು ಆ ಖಾಲಿ ಕೋಣೆಗೆ, ಆ ದಿಂಬಿಗೆ, ಹಾಗಾದ್ರೆ ಅವತ್ತೂ ಇದು ಕೇಳಿಸಿರಲಿಲ್ಲವೇನೋ ಅತ್ತೆ, ನಾನು ಮಲಗಿರಲಿಲ್ಲವೇನೋ, ಎಂದರು, ಆ ದನಿಯಲ್ಲಿ ಏನೋ ಎದ್ದು ಕೂತಿತು, ಇಷ್ಟು ದಿನ ಕೇಳದೇ ಇದ್ದ ಏನೋ, ಗೆರೆ ಉದ್ದಕ್ಕೂ ಹಸಿರಾಯಿತು. ನೀವು ಮಲಗಿರಲಿಲ್ಲ ಅತ್ತಿಗೆ, ಎಂದ ಅವನು, ದನಿ ತೆಗೆದೇ ಎಂದ, ನಾನೇ ಅದನ್ನ ಮಲಗಿಸಿದ್ದು, ಎಲ್ಲ ನಾನೇ, ಎಂದ, ಪರದೆಗೆ ಎಂದ, ಸ್ಪೀಕರಿಗೆ ಎಂದ, ಮುಚ್ಚಿದ ಬಾಗಿಲಿಗೆ ಕೇಳುವಷ್ಟು ಜೋರಾಗಿ ಅಲ್ಲ, ಮೈಕು ಇರುವುದು ಆ ಕಡೆ, ದಾರಿ ಒಂದೇ ಕಡೆಗೆ, ಅವನಿಗೆ ಗೊತ್ತಿತ್ತು, ಅವನೇ ಎಳೆದ ವೈರು, ಗೊತ್ತಿದ್ದೇ ಎಂದ, ಇನ್ನೊಮ್ಮೆ ಎಂದ, ನಾನೇ ಅತ್ತಿಗೆ, ಗೆರೆ ಅಲ್ಲಾಡಲಿಲ್ಲ, ರಿಪೇರಿ, ಇದೀಯೇನೋ ಅಲ್ಲಿ, ಎಂದಿತು ಸ್ಪೀಕರು, ಗೆರೆ ಚಾಚಿತು, ಮುದುಡಿತು, ಕಾಯುವ ಹಾಗೆ ಎಡಕ್ಕೆ ಅಂಟಿಕೊಂಡಿತು, ಅವನ ಬಾಯಿ ತೆರೆದೇ ಇತ್ತು, ಒಂದು ಹಸಿರು ಚುಕ್ಕೆ, ಬೂದು ಬಣ್ಣದ ಮೇಲೆ ಒಂದು ಹಸಿರು ಚುಕ್ಕೆ